ರಾಂಪತ್ರೆ ಜಡ್ಡಿಗೆ ಮರ ಮರಳಿ ಬರಬೇಕಾದರೆ

ಹೊನ್ನಾವರದಿಂದ ಜೋಗದ ಕಡೆ ಘಟ್ಟ ಹತ್ತುವ ದಾರಿಯಲ್ಲಿ ಕತ್ತಲೆಕಾನು ಸಿಗುತ್ತದೆ. ಹೆಸರಿಗೆ ತಕ್ಕ ಹಾಗೆ ಮಧ್ಯಾಹ್ನವೂ ಅಲ್ಲಿ ನೆಲಕ್ಕೆ ಬಿಸಿಲು ಬೀಳುವುದು ಕಡಿಮೆ. ಮಲೆನಾಡಿನವರಿಗೆ ಕಾನು ಅಂದರೆ ಹಿರಿಯರು ಕೊಡಲಿ ತಾಗಿಸದೆ ಉಳಿಸಿಕೊಂಡು ಬಂದ ದಟ್ಟ ಕಾಡು. ಅದರ ತಗ್ಗಿನಲ್ಲಿ ಹಳ್ಳದ ನೀರು ಹರಡಿಕೊಂಡು, ವರ್ಷವಿಡೀ ಕೆಸರಾಗಿರುವ ಜಾಗಗಳಿವೆ. ಸಿದ್ದಾಪುರ, ಶಿರಸಿ ಕಡೆಯವರು ಇದಕ್ಕೆ ರಾಂಪತ್ರೆ ಜಡ್ಡಿ ಎನ್ನುತ್ತಾರೆ. ರಾಂಪತ್ರೆ ಅಂದರೆ ಕಾಡು ಜಾಯಿಕಾಯಿ, ಜಡ್ಡಿ ಅಂದರೆ ಜೌಗು.

ಜಡ್ಡಿಯ ಒಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಬೇರುಗಳು. ಕೆಲವು ಮರಗಳ ಬೇರು ಕೆಸರಿನಿಂದ ಮೇಲೆದ್ದು, ಮೊಣಕಾಲಿನಂತೆ ಮಡಚಿ, ಮತ್ತೆ ಒಳಗಿಳಿಯುತ್ತದೆ. ಇನ್ನು ಕೆಲವು ಮರಗಳು ಕಾಂಡದ ಬುಡದಿಂದ ಊರುಗೋಲಿನಂಥ ಬೇರು ಬಿಟ್ಟು ನಿಂತಿವೆ. ಸದಾ ನೆನೆದ ಮಣ್ಣಿನಲ್ಲಿ ಗಾಳಿ ಇರುವುದಿಲ್ಲ ಅಲ್ವಾ? ಅದಕ್ಕೇ ಬೇರು ಮೇಲೆ ಬಂದು ಉಸಿರಾಡುತ್ತದೆ. ಇವೆಲ್ಲ ಜಾಯಿಕಾಯಿಯ ಕಾಡು ನೆಂಟರು. ಹೂ ಬಿಡುವ ಗಿಡಗಳಲ್ಲೇ ತುಂಬ ಹಳೆಯ ವಂಶ ಇವುಗಳದ್ದು.

ಇಂಥ ಜಡ್ಡಿಯಲ್ಲೇ ಸಸ್ಯ ವಿಜ್ಞಾನಿಗಳಿಗೆ ಒಂದು ಹೊಸ ಮರ ಸಿಕ್ಕಿತು. 2000ರಲ್ಲಿ ಅದಕ್ಕೆ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಊರಿನ ಹೆಸರನ್ನೇ ಸೇರಿಸಿ ಹೆಸರಿಟ್ಟರು. ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಗುಡ್ಡೆಗೇರಿನ ದಾಯಾದಿ ಇದು. ಕಾಡಿನಲ್ಲಿ ಉಳಿದಿರುವ ಇದರ ದೊಡ್ಡ ಮರಗಳು ತೀರಾ ಕಡಿಮೆ. ಇರುವವೂ ಬೆರಳೆಣಿಕೆಯ ಜಡ್ಡಿಗಳಲ್ಲಿ ಹಂಚಿಹೋಗಿವೆ.

ಜಡ್ಡಿಗಳು ಕಡಿಮೆಯಾದದ್ದು ಹೇಗೆ ಎಂಬುದು ನಮ್ಮ ಕಡೆಯವರಿಗೆ ಹೊಸ ವಿಷಯವಲ್ಲ. ನೀರಿರುವ ತಗ್ಗು ಜಾಗ ಅಡಿಕೆಗೂ ಗದ್ದೆಗೂ ಹೇಳಿ ಮಾಡಿಸಿದ ಹಾಗಿರುತ್ತದೆ. ಕಾಲುವೆ ತೆಗೆದು ನೀರು ಬಸಿದರೆ ತೋಟ ಸಿದ್ಧ. ಹೊಟ್ಟೆಪಾಡಿಗೆ ಹಾಗೆ ಮಾಡಿದವರನ್ನು ಇಂದು ಕೂತು ಬೈಯುವುದು ನನಗೆ ಸರಿ ಕಾಣುವುದಿಲ್ಲ. ಆದರೆ ನೀರು ಬಸಿದ ಜಾಗದಲ್ಲಿ ಈ ಮರಗಳು ಮತ್ತೆ ಹುಟ್ಟುವುದಿಲ್ಲ ಎಂಬುದೂ ನಿಜ.

ಹಾಗಾದರೆ ಬೀಜ ತಂದು ಸಸಿ ಮಾಡಿ ನೆಟ್ಟರಾಯಿತಲ್ಲ ಅನ್ನಿಸಬಹುದು. ಶಿರಸಿಯ ಅರಣ್ಯ ಮಹಾವಿದ್ಯಾಲಯದ ಸಂಶೋಧಕರು ಅರಣ್ಯ ಇಲಾಖೆಯ ಜೊತೆಗೂಡಿ ಆ ಕೆಲಸಕ್ಕೆ ಇಳಿದಿದ್ದಾರೆ. ಅದು ಅಷ್ಟು ಸುಲಭವಲ್ಲ. ರಾಗಿ, ಭತ್ತದ ಬೀಜವನ್ನು ಒಣಗಿಸಿ ವರ್ಷಗಟ್ಟಲೆ ಇಡಬಹುದು. ಜಡ್ಡಿಯ ಮರಗಳ ಬೀಜ ಹಾಗಲ್ಲ. ಒಣಗಿತೆಂದರೆ ಸತ್ತಿತು. ಹಾಗಾಗಿ ಬೀಜ ಭಂಡಾರದಲ್ಲಿ ತಣ್ಣಗೆ ಕಾಪಿಡುವ ದಾರಿ ಇಲ್ಲಿ ನಡೆಯುವುದಿಲ್ಲ. ಹಣ್ಣು ಬೀಳುವ ಹೊತ್ತಿಗೆ ಮರದ ಬುಡದಲ್ಲಿರಬೇಕು, ಆರಿಸಿ ತಂದು ಹಸಿಯಾಗಿಯೇ ಮಣ್ಣಿಗೆ ಹಾಕಬೇಕು. ಆ ಕೆಲವು ದಿನ ತಪ್ಪಿದರೆ ಮುಂದಿನ ಸಲಕ್ಕೇ ಕಾಯಬೇಕು.

ಹಣ್ಣಿಗಾಗಿ ಕಾಯುವವರು ಬೇರೆಯೂ ಇದ್ದಾರೆ. ಜಾಯಿಕಾಯಿ ನೆಂಟರ ಬೀಜಕ್ಕೆ ಪತ್ರೆ ಎಂಬ ಕೆಂಪು ಹೊದಿಕೆ ಸುತ್ತಿಕೊಂಡಿರುತ್ತದೆ. ಅದರ ಆಸೆಗೆ ಮಂಗಟ್ಟೆ ಹಕ್ಕಿ ಬೀಜವನ್ನು ನುಂಗಿ ದೂರ ಒಯ್ದು ಉಗುಳುತ್ತದೆ. ನೆಲಕ್ಕೆ ಬಿದ್ದದ್ದನ್ನು ಏಡಿಗಳು ಎಳೆದೊಯ್ಯುತ್ತವೆ. ಸಿಂಗಳೀಕಗಳೂ ಈ ಹಣ್ಣು ತಿನ್ನುತ್ತವೆ. ಪೇಟೆಯಲ್ಲಿ ರಾಂಪತ್ರೆಗೆ ಬೆಲೆ ಇರುವುದರಿಂದ ಮನುಷ್ಯರೂ ಕಾಯುತ್ತಾರೆ. ಬಲಿತು ಬಿದ್ದ ಮೇಲೆ ಹೆಕ್ಕಿದರೆ ತೊಂದರೆ ಜಾಸ್ತಿ ಇಲ್ಲ. ಬೇರೆಯವರು ಕೊಯ್ದುಬಿಟ್ಟಾರು ಎಂಬ ಆತುರಕ್ಕೆ ಎಳೆಕಾಯಿ ಕೊಯ್ದರೆ, ಟೊಂಗೆಯನ್ನೇ ಕಡಿದರೆ, ಆ ಮರದ ಅಡಿಯಲ್ಲಿ ಸಸಿ ಎಲ್ಲಿಂದ ಬರಬೇಕು?

ಇನ್ನೊಂದು ತೊಡಕು ಮರದ ಒಳಗೇ ಇದೆ. ಇವುಗಳಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹತ್ತು ಮರ ಉಳಿದ ಜಡ್ಡಿಯಲ್ಲಿ ಕಾಯಿ ಬಿಡುವವು ಮೂರೋ ನಾಲ್ಕೋ ಇರಬಹುದು. ಹತ್ತಿರದಲ್ಲಿ ಗಂಡಿಲ್ಲದಿದ್ದರೆ ಅವೂ ಬರಿದೇ. ಅದಕ್ಕೇ ಬೀಜವನ್ನು ಒಂದೇ ತಾಯಿಮರದಿಂದ ತರುವುದು ಸಾಲದು. ಸಿಕ್ಕಷ್ಟೂ ಬೇರೆ ಬೇರೆ ಮರಗಳಿಂದ, ಬೇರೆ ಬೇರೆ ಜಡ್ಡಿಗಳಿಂದ ತಂದು ಬೆರೆಸಬೇಕು. ಎಲ್ಲವೂ ಒಡಹುಟ್ಟಿದವೇ ಆದರೆ ಮುಂದಿನ ಪೀಳಿಗೆ ಸೊರಗುತ್ತದೆ.

ಸಸಿ ಬೆಳೆದ ಮೇಲೆ ಅದನ್ನು ಎಲ್ಲಿ ನೆಡಬೇಕು? ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ರಸ್ತೆ ಬದಿಯಲ್ಲೋ ಶಾಲೆಯ ಅಂಗಳದಲ್ಲೋ ಸುಮ್ನೆ ನೆಟ್ಟು ಫೋಟೊ ತೆಗೆಯುವ ಗಿಡ ಇದಲ್ಲ. ಬೇಸಿಗೆಯಲ್ಲೂ ನೀರು ಹರಿಯುವ ಹಳ್ಳ ಬೇಕು, ಮೇಲೆ ನೆರಳು ಬೇಕು, ಹಳ್ಳಕ್ಕೆ ನೀರುಣಿಸುವ ಮೇಲಿನ ಗುಡ್ಡದ ಕಾಡೂ ಉಳಿದಿರಬೇಕು. 2011ರಲ್ಲಿ ಅಘನಾಶಿನಿ ಕಣಿವೆಯ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು ಸಿಂಗಳೀಕಕ್ಕಾಗಿ ಸಂರಕ್ಷಿತ ಎಂದು ಘೋಷಿಸಿದರು. ಮಂಗನ ಹೆಸರಿನಲ್ಲಿ ಸಿಕ್ಕ ಆ ಆಸರೆ ಅಲ್ಲಿನ ಹಳ್ಳಗಳಿಗೂ ಜಡ್ಡಿಗಳಿಗೂ ಸಿಕ್ಕಿತು ಎನ್ನುವುದು ನನಗೆ ತುಂಬ ಸಮಾಧಾನದ ಸಂಗತಿ.

ಜಾಯಿಕಾಯಿ ಬೆಳೆಯುವ ರೈತರು ಗಂಡು ಗಿಡದ ಕಾಟ ತಪ್ಪಿಸಲು ಹೆಣ್ಣು ಮರದ ಕುಡಿಯನ್ನು ಕಸಿ ಕಟ್ಟುತ್ತಾರೆ. ತೋಟಕ್ಕೆ ಅದು ಸರಿ. ಕಾಡಿಗೆ ಎರಡೂ ಬೇಕು, ಅದೂ ಬೀಜದಿಂದಲೇ ಬರಬೇಕು. ಬೀಜದ ಸಸಿ ಗಂಡೋ ಹೆಣ್ಣೋ ಎಂದು ನೋಡಿ ಹೇಳಲು ಬರುವುದಿಲ್ಲ. ಮೊದಲ ಹೂ ಬಿಡುವವರೆಗೆ, ವರ್ಷಗಟ್ಟಲೆ, ಜಡ್ಡಿಗೆ ಹೋಗಿ ನೋಡಿ ಬರುತ್ತಿರಬೇಕು.