ದಿನಾ ಒಂದು ಕ್ವಾಟರ್ ಮತ್ತ ಮುತ್ಯಾನ ಮರೆವು: ಈ ಲೆಕ್ಕ ಎಲ್ಲಿಂದ ಎಲ್ಲಿಗೆ ಬಂತು

ವಯಸ್ಸಾದೋರು ದಿನಾ ಸ್ವಲ್ಪ ತಗೊಂಡ್ರ ನೆನಪಿಗೆ ಚಲೋ ಅಂತ ಒಬ್ಬರು ವಾಟ್ಸಾಪ್‌ನಾಗ ಕಳಸ್ತಾರ, ಒಂದು ಹನಿನೂ ಮೆದುಳಿಗೆ ವಿಷ ಅಂತ ಮರುದಿನ ಇನ್ನೊಬ್ಬರು. ಎರಡು ಮಾತಿನ ಹಿಂದನೂ ಸಂಶೋಧನೆ ಇರೋದು ಖರೆ, ಆದ್ರ ಬ್ಯಾರೆ ಬ್ಯಾರೆ ಕಾಲದ್ದು.

ವಿಷಯ ಹಳೇದು. 1881ರಾಗ ಜರ್ಮನಿಯ ಡಾಕ್ಟರ್ ವೆರ್ನಿಕೆ ಭಾಳ ಕುಡಿಯೋರಿಗೆ ಒಮ್ಮೆಲೆ ಬರೋ ಗೊಂದಲ, ತೂರಾಟದ ಬಗ್ಗೆ ಬರದ್ರು, 1887ರಾಗ ರಷ್ಯಾದ ಡಾಕ್ಟರ್ ಕೊರ್ಸಕಾಫ್ ಅಂಥೋರ ಮರೆವಿನ ಬಗ್ಗೆ ಬರದ್ರು. ಆ ಮರೆವಿನಾಗ ಭಾಳ ಹಳೇದು ನೆನಪಿರ್ತದ, ಮುಂಜಾನಿ ಉಂಡಿದ್ದು ನೆನಪಿರಲ್ಲ, ಕೇಳಿದ್ರ ಆಗದೇ ಇರೋದನ್ನ ಕಟ್ಟಿ ಹೇಳ್ತಾರ, ಅದು ಸುಳ್ಳಂತ ಅವರಿಗೇ ಗೊತ್ತಿರಲ್ಲ. ಎರಡರ ಮೂಲನೂ ಬಿ1 ವಿಟಮಿನ್ ಕೊರತೆ ಅಂತ ಆಮ್ಯಾಲ ತಿಳೀತು. ಕುಡಿಯೋರು ಸರಿಯಾಗಿ ಉಣ್ಣಲ್ಲ, ಉಂಡಿದ್ದರಾಗಿನ ಬಿ1ನೂ ಕರುಳು ಸರಿಯಾಗಿ ಹೀರಲ್ಲ.

ಗೊಂದಲ ಶುರು ಆಗಿದ್ದು ಸ್ವಲ್ಪೇ ಕುಡಿಯೋರ ಲೆಕ್ಕದಾಗ. 2002ರಾಗ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಾಗ 55 ದಾಟಿದ 5,000ಕ್ಕೂ ಹೆಚ್ಚು ಮಂದೀನ ನೋಡಿ, ದಿನಾ ಒಂದರಿಂದ ಮೂರು ಡ್ರಿಂಕ್ ತಗೊಳ್ಳೋರಿಗೆ ಡಿಮೆನ್ಶಿಯಾ, ಅಂದ್ರ ಮರೆವಿನ ರೋಗ, ಕಮ್ಮಿ ಅಂತ ಹೇಳಿದ್ರು. ಆ ಸುದ್ದಿ ಇನ್ನೂ ಓಡಾಡ್ಲತ್ತದ, ಯಾಕಂದ್ರ ಅದು ಎಲ್ಲರಿಗೂ ಬೇಕಾದ ಸುದ್ದಿ. ಆದ್ರ ಅಂಥ ಲೆಕ್ಕದಾಗ "ಕುಡಿಯದೋರು" ಅಂದ್ರ ಯಾರು? ಜಡ್ಡಾಗಿ ಬಿಟ್ಟೋರು, ಡಾಕ್ಟರ್ ಬೈದ ಮ್ಯಾಲ ಬಿಟ್ಟೋರು, ಎಲ್ಲಾರೂ ಅದೇ ಗುಂಪಿನಾಗ ಸೇರಿಬಿಡ್ತಾರ, ಹಂಗಾಗಿ ಆ ಗುಂಪು ಮೊದಲೇ ಸೊರಗಿರ್ತದ, ಅದರ ಪಕ್ಕಕ್ಕ ನಿಲ್ಲಿಸಿದ್ರ ಸ್ವಲ್ಪ ಕುಡಿಯೋರು ಗಟ್ಟಿಮುಟ್ಟು ಕಾಣ್ತಾರ.

2017ರಾಗ ಬ್ರಿಟನ್ನಿನ 550 ಮಂದಿಯ 30 ವರ್ಷದ ಕುಡಿತದ ಲೆಕ್ಕ ಇಟ್ಟು ಮೆದುಳು ಸ್ಕ್ಯಾನ್ ಮಾಡಿದಾಗ, ಮಿತವಾಗಿ ಕುಡಿಯೋರಿಗೂ ನೆನಪಿನ ಭಾಗ ಹಿಪೊಕ್ಯಾಂಪಸ್ ಕುಗ್ಗಿದ್ದು ಹೆಚ್ಚು ಕಂಡ್ತು. ಮುಂದಿನ ವರ್ಷನೇ ಬ್ರಿಟನ್ನಿಂದ್ಲೇ ಇನ್ನೊಂದು ಬಂತು, ನಡುವಯಸ್ಸಿನಾಗ ಪೂರಾ ಕುಡಿಯದೋರಿಗೂ ಡಿಮೆನ್ಶಿಯಾ ಜಾಸ್ತಿ ಅಂತ. ಹಿಂಗ ಗುದ್ದಾಡಿ 2025ರಾಗ, ಕುಡಿತದ ಕಡಿ ಎಳೆಯೋ, ಹುಟ್ಟಿನಿಂದ ಬರೋ ಜೀನ್ ಹಿಡ್ಕೊಂಡು ಲೆಕ್ಕ ಹಾಕಿದ್ರು. ಅದರಾಗ ಲಾಭದ ಮಾತೇ ಮಾಯ, ಕುಡಿತ ಏರಿದಂಗ ಅಪಾಯ ಏರ್ತದ ಅಷ್ಟೇ. ಮತ್ತೊಂದು ಗೊತ್ತಾಯ್ತು: ಡಿಮೆನ್ಶಿಯಾ ಅಂತ ಹೆಸರು ಬೀಳೋಕ್ಕಿಂತ ಎಷ್ಟೋ ವರ್ಷ ಮೊದಲೇ ಮಂದಿ ಕುಡಿಯೋದು ಕಮ್ಮಿ ಮಾಡಿರ್ತಾರ. ಮರೆವು ಒಳಗೊಳಗೇ ಶುರುವಾಗಿದ್ದಕ್ಕ ಕುಡಿತ ಇಳಿದಿತ್ತು, ನಾವು ತಿರುಗಿಸಿ ಓದಿದ್ವಿ.

ಇನ್ನ ನಮ್ ಕಲಬುರಗಿ ಕಡಿ. ನಿಜಾಮರ ಕಾಲದಾಗ ಸೇಂದಿ, ಆಮ್ಯಾಲ ಸಾರಾಯಿ, 2007ರ ಜುಲೈ 1ಕ್ಕ ಸಾರಾಯಿ ಬಂದ್, ಈಗ ವಿಸ್ಕಿ, ರಮ್‌ನ 90 ಎಂಎಲ್, 180 ಎಂಎಲ್ ಪ್ಯಾಕೆಟ್. ಸೇಡಂ, ಗುರುಮಠಕಲ್ ಗಡಿಯಾಗ ಕಳ್ಳ ಸೇಂದಿ ಇನ್ನೂ ಸಿಗ್ತದ, ಅದರಾಗ ಸಿ.ಎಚ್. ಪೌಡರ್ ಅಂದ್ರ ಕ್ಲೋರಲ್ ಹೈಡ್ರೇಟ್, ನಿದ್ದಿ ಬರ್ಸೋ ಔಷಧಿ. ವಿದೇಶದ "ಮಿತ" ಅನ್ನೋದನ್ನ ನಮ್ಮ ಪ್ಯಾಕೆಟ್ಟಿಗೆ ಹಿಡಿದು ನೋಡ್ರಿ: ಬ್ರಿಟನ್ನಿನಾಗ ವಾರಕ್ಕ 14 ಯೂನಿಟ್ (ಒಂದು ಯೂನಿಟ್ ಅಂದ್ರ 10 ಎಂಎಲ್ ಶುದ್ಧ ಆಲ್ಕೋಹಾಲ್) ದಾಟಬ್ಯಾಡ್ರಿ ಅಂತಾರ, 180ರ ಒಂದು ಕ್ವಾಟರ್‌ನಾಗ ಹತ್ತಿರತ್ತಿರ 7.7 ಯೂನಿಟ್. ಎರಡು ದಿನಕ್ಕೇ ವಾರದ್ದು ಮುಗೀತು. ವಯಸ್ಸಾದ ಮ್ಯಾಲ ಮೈಯಾಗಿನ ನೀರಿನಂಶ ಇಳೀತದ, ನಲವತ್ತರಾಗ ಕುಡಿದಷ್ಟೇ ಕುಡಿದ್ರೂ ನಶೆ ಜಾಸ್ತಿ ಏರ್ತದ. ಮ್ಯಾಲ ಶುಗರ್ ಗುಳಿಗಿ, ನಿದ್ದಿ ಗುಳಿಗಿ ಬ್ಯಾರೆ.

ಮನ್ಯಾಗ ಮಾತ್ರ ಎಲ್ಲದಕ್ಕೂ ಒಂದೇ ಮಾತು, ಅರವತ್ತಕ್ಕ ಅರಳು ಮರಳು. ಮುತ್ಯಾ ರಾತ್ರಿ ಬಿದ್ದು ತೊಡಿ ಎಲುಬು ಮುರಕೊಂಡು ದವಾಖಾನ್ಯಾಗ ಅಡ್ಮಿಟ್ ಆಗ್ತಾನ. ಎರಡು ದಿನ ಸುಮ್ನಿದ್ದು ಮೂರನೇ ದಿನ ಚಾದರ್ ಹರೀಲಿಕ್ಕ ಹತ್ತುತಾನ, ಗೋಡಿ ಮ್ಯಾಲ ಹುಳ ಅದಾವ ಅಂತಾನ, ಸೊಸೀಗೆ "ಅಕ್ಕಾ" ಅಂತಾನ. ಕೆಲವರು ಗಾಳಿ ಸೋಕ್ಯಾದ ಅಂತಾರ, ಕೆಲವರು ತಲಿಗೆ ಪೆಟ್ಟಾಗ್ಯಾದ ಅಂತಾರ. ತಲಿ ಪೆಟ್ಟು ಡಾಕ್ಟರ್ ನೋಡಲೇಬೇಕಾದ್ದೇ, ಆದ್ರ ದಿನಾ ಕುಡಿಯೋ ಮನುಷ್ಯಾಗ ಕುಡಿತ ಒಮ್ಮೆಲೆ ನಿಂತ್ರೂ ಹಿಂಗಾಗ್ತದ. "ಕುಡಿತಾರೇನ್ರಿ?" ಅಂತ ಡಾಕ್ಟರ್ ಕೇಳಿದ್ರ ಬೀಗರೆಲ್ಲ ನಿಂತಿರ್ತಾರ, ಮಗ "ಇಲ್ರಿ, ಹಬ್ಬಕ್ಕ ಅಷ್ಟೇ" ಅಂತಾನ. ಆಯಿ ಆದ್ರಂತೂ ಕೇಳೋದೇ ಇಲ್ಲ, ಹೊಲದಿಂದ ಬರುವಾಗ ಸೇಂದಿ ಕುಡದು ಬರೋ ಮುದುಕೇರು ನಮ್ ಕಡಿ ಇಲ್ಲೇನು?

ಮತ್ತ ನಮ್ಮ ಮಂದೀದು ಒಂದು ಹಟ, "ಒಂದು ಗ್ಲೂಕೋಸ್ ಹಚ್ರಿ ಸಾಹೇಬ್ರ". ಬಿ1 ಖಾಲಿಯಾದ ಮೈಗೆ ಬರೀ ಗ್ಲೂಕೋಸ್ ಹೋದ್ರ ಉಳಿದಿದ್ದೂ ಖರ್ಚಾಗಿ ವೆರ್ನಿಕೆ ಬರೆದ ಆ ಸ್ಥಿತಿ ಬರಬಹುದು, ಅದಕ್ಕ ಕುಡಿಯೋರಿಗೆ ಬಿ1 ಇಂಜೆಕ್ಷನ್ ಮೊದಲು ಇಲ್ಲಾ ಜೊತಿಗೇ ಕೊಡ್ತಾರ. ಕುಡಿತ ಹೇಳದೇ ಇದ್ದ್ರ ಕೊಡೋರಿಗೆ ಹೆಂಗ ಗೊತ್ತಾಗಬೇಕು.

ಕುಡಿತದಿಂದ ಬಂದ ಮರೆವು, ಆಲ್ಝೈಮರ್ ಅನ್ನೋ ಮರೆವಿನ ರೋಗದ ಹಂಗ, ಕೆಳಗೇ ಇಳೀತಾ ಹೋಗಬೇಕಂತಿಲ್ಲ. ಕುಡಿತ ನಿಂತು, ಬಿ1 ಸಿಕ್ಕು, ಊಟ ಸರಿ ಆದ್ರ ತಿಂಗಳುಗಟ್ಲೆ ಆದ ಮ್ಯಾಲ ಕೆಲವರಿಗೆ ನೆನಪು ಅಷ್ಟೋ ಇಷ್ಟೋ ವಾಪಸ್ ಬರ್ತದ, ಕೆಲವರಿಗೆ ಬರಲ್ಲ. ದಿನಾ ಕುಡಿಯೋರನ್ನ ಮಾತ್ರ ಮನ್ಯಾಗ ಕೂಡಿಹಾಕಿ ಒಂದೇ ದಿನಕ್ಕ ಬಿಡಿಸಲಿಕ್ಕ ಹೋಗಬಾರದು, ಫಿಟ್ಸ್ ಬಂದು ಜೀವಕ್ಕೇ ಕುತ್ತಾಗ್ತದ, ಡಾಕ್ಟರ್ ಕಣ್ಣೆದುರೇ ಬಿಡಿಸಬೇಕು.