ಮನೆಯವರು ಲೆಕ್ಕಕ್ಕೆ ಬಂದದ್ದು ಯಾವಾಗ?

ಲಾರಾಗೆ ಎರಡು ವರ್ಷ ಐದು ತಿಂಗಳು. ಹರ್ನಿಯಾ ಆಪರೇಷನ್ನಿಗೆಂದು ಆಸ್ಪತ್ರೆಗೆ ಸೇರಿಸಿದ್ದಾರೆ. ಎಂಟು ದಿನ ಅಲ್ಲೇ ಇರಬೇಕು. ಅಮ್ಮ ಆಗೀಗ ಬಂದು ಹೋಗುತ್ತಾಳೆ, ಜೊತೆಗೆ ಉಳಿಯುವಂತಿಲ್ಲ. ಲಾರಾ ರಂಪ ಮಾಡುವ ಮಗುವಲ್ಲ. ಗೊಂಬೆ ಅವಚಿಕೊಂಡು ಮಂಚದ ಮೇಲೆ ಕೂತಿರುತ್ತಾಳೆ, ನಡುನಡುವೆ ಅಮ್ಮ ಬೇಕು ಅನ್ನುತ್ತಾಳೆ. ಎಂಟನೇ ದಿನ ಮನೆಗೆ ಹೊರಟಾಗ ತನ್ನ ಸಾಮಾನನ್ನೆಲ್ಲ ತಾನೇ ಎತ್ತಿಕೊಳ್ಳುತ್ತಾಳೆ. ಅಮ್ಮನ ಕೈ ಮಾತ್ರ ಹಿಡಿಯುವುದಿಲ್ಲ.

ಜೇಮ್ಸ್ ರಾಬರ್ಟ್‌ಸನ್ ಎಂಬ ಸಮಾಜ ಕಾರ್ಯಕರ್ತರು ಇದನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದು, 1952ರಲ್ಲಿ ಲಂಡನ್ನಿನ ಡಾಕ್ಟರುಗಳ ಸಭೆಯಲ್ಲಿ ತೋರಿಸಿದರು. ನೋಡಿದವರಲ್ಲಿ ತುಂಬಾ ಜನ ರಾಬರ್ಟ್‌ಸನ್ ಮೇಲೆಯೇ ಸಿಟ್ಟಾದರು. ಸುಮ್ನೆ ಕೂತಿರುವ ಮಗು ನೆಮ್ಮದಿಯಾಗಿದೆ ಎಂದೇ ಅವರು ಅಲ್ಲಿಯವರೆಗೆ ನಂಬಿದ್ದರು.

ಆಗಿನ ಪದ್ಧತಿಯೇ ಹಾಗಿತ್ತು. ಅಪ್ಪ ಅಮ್ಮ ಬಂದರೆ ಮಗು ಅಳುತ್ತದೆ, ವಾರ್ಡು ಗಲಾಟೆಯಾಗುತ್ತದೆ, ಸೋಂಕು ತರುತ್ತಾರೆ ಎಂಬ ಲೆಕ್ಕ. 1949ರ ಹೊತ್ತಿಗೂ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಭಾನುವಾರ ಎರಡು ಗಂಟೆ ಮಾತ್ರ ಭೇಟಿ. ಇನ್ನೊಂದರಲ್ಲಿ ಮೊದಲ ತಿಂಗಳು ಭೇಟಿಯೇ ಇಲ್ಲ. ಸಂಜೆ ಮಗು ಮಲಗಿದ ಮೇಲೆ ದೂರದಿಂದ ನೋಡಿ ಹೋಗಬಹುದಿತ್ತು. ಲಾರಾಳದ್ದು ಎಂಟೇ ದಿನ. ಕ್ಷಯ, ಪೋಲಿಯೊ ಬಂದ ಮಕ್ಕಳು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಹೀಗೆ ಇದ್ದರು. 1959ರಲ್ಲಿ ಬ್ರಿಟನ್ನಿನ ಪ್ಲಾಟ್ ಸಮಿತಿ, ಅಪ್ಪ ಅಮ್ಮ ಯಾವಾಗ ಬೇಕಾದರೂ ಬರಲಿ, ಪುಟ್ಟ ಮಕ್ಕಳ ಜೊತೆ ತಾಯಿ ಉಳಿಯಲಿ ಎಂದು ವರದಿ ಕೊಟ್ಟಿತು. ವರದಿ ಬಂದ ಮಾತ್ರಕ್ಕೆ ಬಾಗಿಲು ತೆರೆಯಲಿಲ್ಲ. 1961ರಲ್ಲಿ ತಾಯಂದಿರೇ ಸಂಘ ಕಟ್ಟಿಕೊಂಡು ಒಂದೊಂದೇ ಆಸ್ಪತ್ರೆಯ ಬೆನ್ನು ಹತ್ತಬೇಕಾಯಿತು.

ಹೊರಗೆ ನಿಲ್ಲಿಸುವುದಾದರೂ ಒಂದು ಬಗೆ. ಅದಕ್ಕಿಂತ ಕ್ರೂರವಾದದ್ದು, ಮಗು ಹೀಗಾಗಲು ನೀವೇ ಕಾರಣ ಅನ್ನುವುದು. ಲಿಯೋ ಕ್ಯಾನರ್ ಎಂಬ ಮನೋವೈದ್ಯರು 1943ರಲ್ಲಿ ಹನ್ನೊಂದು ಮಕ್ಕಳನ್ನು ನೋಡಿ ಆಟಿಸಂ ಬಗ್ಗೆ ಬರೆದರು. ಆ ತಿಳಿವಳಿಕೆಗೆ ಅವರ ಋಣ ದೊಡ್ಡದು. ಆದರೆ 1949ರಲ್ಲಿ ಅವರೇ, ಈ ಮಕ್ಕಳನ್ನು ಮಂಜು ಕರಗದ ರೆಫ್ರಿಜರೇಟರಿನಲ್ಲಿ ಇಟ್ಟ ಹಾಗೆ ಬೆಳೆಸಿದ್ದಾರೆ ಎಂಬರ್ಥದ ಮಾತನ್ನೂ ಬರೆದರು. ಆ ಮಾತು ಕಾಡ್ಗಿಚ್ಚಿನಂತೆ ಹಬ್ಬಿತು. ಮಗುವಿಗೆ ಮಾತು ಬರುತ್ತಿಲ್ಲ ಎಂದು ಡಾಕ್ಟರ ಬಳಿ ಹೋದ ತಾಯಿ, ನಿನಗೆ ಪ್ರೀತಿಯಿಲ್ಲ ಎಂದು ಕೇಳಿಸಿಕೊಂಡು ಬರುವಂತಾಯಿತು. ಇಪ್ಪತ್ತು ವರ್ಷ ಇದು ನಡೆಯಿತು.

ಬರ್ನಾರ್ಡ್ ರಿಮ್‌ಲ್ಯಾಂಡ್ ಅಮೆರಿಕದ ನೌಕಾಪಡೆಯಲ್ಲಿ ಕೆಲಸಕ್ಕಿದ್ದ ಮನಶ್ಶಾಸ್ತ್ರಜ್ಞ. ಅವರ ಮಗನಿಗೂ ಆಟಿಸಂ ಇತ್ತು. ಸಿಕ್ಕಿದ್ದನ್ನೆಲ್ಲ ಓದಿ 1964ರಲ್ಲಿ ಅವರು ಪುಸ್ತಕ ಬರೆದರು: ಇದರ ಮೂಲ ಮಗುವಿನ ದೇಹದಲ್ಲಿದೆ, ತಾಯಿಯ ನಡವಳಿಕೆಯಲ್ಲಿಲ್ಲ. ಮುನ್ನುಡಿ ಬರೆದುಕೊಟ್ಟವರು ಇದೇ ಕ್ಯಾನರ್. ಮರುವರ್ಷ ರಿಮ್‌ಲ್ಯಾಂಡ್ ಮತ್ತು ಇತರ ಪೋಷಕರು ಸೇರಿ ಸಂಘ ಕಟ್ಟಿದರು. 1969ರಲ್ಲಿ ಆ ಸಂಘದ ಸಭೆಗೆ ಬಂದ ಕ್ಯಾನರ್, ಪೋಷಕರಾದ ನಿಮ್ಮ ಮೇಲೆ ಯಾವ ತಪ್ಪೂ ಇಲ್ಲ, ನಿಮ್ಮನ್ನು ಆರೋಪದಿಂದ ಬಿಡುಗಡೆ ಮಾಡುತ್ತೇನೆ ಎಂದು ಎದುರಿಗೇ ಹೇಳಿದರು. ತಪ್ಪೇ ಮಾಡದವರಿಗೆ ಬಿಡುಗಡೆ ಏಕೆ ಬೇಕು ಎಂದು ಕೇಳಬಹುದು. ಆದರೆ ಇಪ್ಪತ್ತು ವರ್ಷ ಎದೆಯೊಳಗೆ ಕಲ್ಲು ಹೊತ್ತವರಿಗೆ ಆ ಮಾತು ಬೇಕಿತ್ತು.

ಪೋಷಕರು ಒಬ್ಬರನ್ನೊಬ್ಬರು ಹುಡುಕಿಕೊಂಡದ್ದು ಇದಕ್ಕೂ ಮೊದಲೇ. 1946ರಲ್ಲಿ ಇಂಗ್ಲೆಂಡಿನ ಜೂಡಿ ಫ್ರೈಡ್ ಎಂಬ ತಾಯಿ ಒಂದು ಪತ್ರಿಕೆಗೆ ಕಾಗದ ಬರೆದರು. ಬುದ್ಧಿಮಾಂದ್ಯತೆ ಇರುವ ತನ್ನ ಮಗಳಿಗೆ ಶಾಲೆ ಇಲ್ಲ, ತನ್ನಂಥವರು ಬೇರೆ ಯಾರಾದರೂ ಇದ್ದಾರಾ ಎಂಬುದು ಅದರ ಸಾರ. ಮನೆಗೆ ರಾಶಿ ರಾಶಿ ಉತ್ತರ ಬಂದವು. ಇಂಥ ಕುಟುಂಬಗಳಿಗೆ ನೆರವಾಗುವ ಇಂದಿನ ಮೆನ್‌ಕ್ಯಾಪ್ ಸಂಸ್ಥೆ ಶುರುವಾದದ್ದು ಹಾಗೆ. ಆ ಕಾಲದ ಸಲಹೆ ಏನಿತ್ತು ಗೊತ್ತಾ? ಮಗುವನ್ನು ದೊಡ್ಡ ಸರ್ಕಾರಿ ಸಂಸ್ಥೆಗೆ ಸೇರಿಸಿ, ಮರೆತುಬಿಡಿ. ನ್ಯೂಯಾರ್ಕಿನ ವಿಲೋಬ್ರೂಕ್ ಅಂಥದ್ದೊಂದು ಸಂಸ್ಥೆ. 4,000 ಜನರಿಗೆಂದು ಕಟ್ಟಿದ್ದ ಅಲ್ಲಿ 1965ರ ಹೊತ್ತಿಗೆ ಸುಮಾರು 6,000 ಜನರನ್ನು ತುಂಬಿದ್ದರು. 1972ರಲ್ಲಿ ಟಿವಿ ಕ್ಯಾಮೆರಾ ಒಳಗೆ ಹೋಗಿ, ಬಟ್ಟೆಯಿಲ್ಲದೆ ನೆಲದ ಮೇಲೆ ಬಿದ್ದಿದ್ದ ಮಕ್ಕಳನ್ನು ತೋರಿಸಿದಾಗ ದೇಶವೇ ಬೆಚ್ಚಿಬಿತ್ತು.

ಮನೆಯಲ್ಲೇ ಇಟ್ಟುಕೊಂಡವರ ನೋವಿಗೂ ಒಂದು ಹೆಸರು ಬೇಕಿತ್ತು. 1962ರಲ್ಲಿ, ಇಂಥ ಕುಟುಂಬಗಳ ಜೊತೆ ಕೆಲಸ ಮಾಡಿದ್ದ ಅಮೆರಿಕದ ಸೈಮನ್ ಓಲ್ಶಾನ್ಸ್ಕಿ ಅದನ್ನು ಬಿಡದೆ ಉಳಿಯುವ ದುಃಖ ಎಂಬರ್ಥದಲ್ಲಿ ಕರೆದರು. ಒಪ್ಪಿಕೊಳ್ಳಿ, ಮುಂದೆ ಹೋಗಿ ಎಂದು ಪೋಷಕರನ್ನು ಅವಸರ ಮಾಡುವವರಿಗೆ ಅವರು ಹೇಳಿದ್ದು ಇಷ್ಟೇ: ಈ ದುಃಖ ಕಾಯಿಲೆಯಲ್ಲ, ಸಹಜ. ಅದು ಮತ್ತೆ ಮತ್ತೆ ಮರಳಿ ಬರುತ್ತದೆ. ಓರಗೆಯ ಮಕ್ಕಳು ಶಾಲೆಗೆ ಹೊರಟ ದಿನ ಬರುತ್ತದೆ. ತಮ್ಮನಾದವನು ಅಣ್ಣನನ್ನು ಮೀರಿ ಓದಲು ಶುರುಮಾಡಿದ ದಿನವೂ ಬರುತ್ತದೆ. ನನ್ನ ಮಟ್ಟಿಗೆ, ಈ ವಿಷಯದಲ್ಲಿ ಯಾರೇ ಹೇಳಿದ ಮಾತುಗಳಲ್ಲಿ ಇದರಷ್ಟು ಕರುಣೆಯ ಮಾತು ಇನ್ನೊಂದಿಲ್ಲ.

ಆಮೇಲೆ ಮಕ್ಕಳು ಮನೆಗೆ ಬಂದರು. ಔಷಧಿ, ಯಂತ್ರ ಸುಧಾರಿಸಿದ ಹಾಗೆ ಮೊದಲು ಉಳಿಯದಿದ್ದ ಮಕ್ಕಳು ಉಳಿದರು. ಒಳ್ಳೆಯದೇ. ಆದರೆ ಆಸ್ಪತ್ರೆಯಲ್ಲಿ ಮೂರು ಪಾಳಿಯ ನರ್ಸುಗಳು ಮಾಡುತ್ತಿದ್ದ ಕೆಲಸ ಮನೆಯಲ್ಲಿ ಒಬ್ಬರ ಹೆಗಲಿಗೆ ಬಿತ್ತು. ಕೊಳವೆಯಲ್ಲಿ ಊಟ ಕೊಡುವುದು, ಗಂಟಲಿನ ಕಫ ಎಳೆಯುವುದು, ರಾತ್ರಿ ಎರಡು ಗಂಟೆಗೆ ಅಲಾರಾಂ ಇಟ್ಟು ಎದ್ದು ಮಗ್ಗುಲು ಹೊರಳಿಸುವುದು. ಫಿಟ್ಸ್ ಬರುವ ಮಗುವಿನ ತಾಯಿ ನಿದ್ದೆ ಮಾಡುವಾಗಲೂ ಒಂದು ಕೈ ಮಗುವಿನ ಎದೆಯ ಮೇಲೆ ಇಟ್ಟಿರುತ್ತಾಳೆ.

ಈ ಕೆಲಸಕ್ಕೆ ಬೆಲೆ ಕಟ್ಟಿದ್ದು ಹೇಗೆ ನೋಡಿ. ಬ್ರಿಟನ್ನಿನಲ್ಲಿ 1976ರಲ್ಲಿ, ಮನೆಯಲ್ಲಿ ಆರೈಕೆ ಮಾಡುವವರಿಗೆ ಭತ್ಯೆ ಬಂತು. ಮದುವೆಯಾದ ಹೆಂಗಸರಿಗೆ ಮಾತ್ರ ಇಲ್ಲ. ಅವರು ಹೇಗೂ ಮನೆಯಲ್ಲೇ ಇರುತ್ತಾರೆ, ಅಲ್ವಾ, ಎಂಬುದು ಅದರ ಹಿಂದಿನ ಯೋಚನೆ. ಆರೈಕೆ ಮಾಡುವವರಲ್ಲಿ ಜಾಸ್ತಿ ಜನ ಅವರೇ! ತನ್ನ ತಾಯಿಯನ್ನು ನೋಡಿಕೊಳ್ಳುತ್ತಿದ್ದ ಜಾಕಿ ಡ್ರೇಕ್ ಎಂಬ ಮಹಿಳೆ ಕೇಸು ಹಾಕಿ, 1986ರಲ್ಲಿ ಯುರೋಪಿನ ನ್ಯಾಯಾಲಯದಲ್ಲಿ ಗೆದ್ದ ಮೇಲೆ ಅದು ಸರಿಹೋಯಿತು.

ಅಮೆರಿಕದಲ್ಲಿ ಇನ್ನೊಂದು ವಿಚಿತ್ರ. ಕೇಟಿ ಬೆಕೆಟ್ ಎಂಬ ಮಗುವಿಗೆ ಎಳವೆಯಲ್ಲೇ ಮೆದುಳಿನ ಸೋಂಕು ಬಂದು, ಉಸಿರಾಟಕ್ಕೆ ವೆಂಟಿಲೇಟರ್ ಬೇಕಾಯಿತು. ಮೂರು ವರ್ಷದ ಹೊತ್ತಿಗೆ ಮನೆಗೆ ಹೋಗುವಷ್ಟು ಚೇತರಿಸಿಕೊಂಡಳು. ಆದರೆ ಸರ್ಕಾರ ಖರ್ಚು ಕೊಡುತ್ತಿದ್ದದ್ದು ಆಸ್ಪತ್ರೆಯಲ್ಲಿದ್ದರೆ ಮಾತ್ರ. ಮನೆಯಲ್ಲಾದರೆ ಖರ್ಚು ಆರರಲ್ಲಿ ಒಂದು ಪಾಲು ಎಂದು 1981ರ ನವೆಂಬರಿನಲ್ಲಿ ಅಧ್ಯಕ್ಷ ರೇಗನ್ ಪತ್ರಕರ್ತರ ಮುಂದೆಯೇ ಹೇಳಿದರು. ಮುಂದಿನ ತಿಂಗಳು ಕೇಟಿ ಮನೆಗೆ ಬಂದಳು. ಮರುವರ್ಷ ಕಾನೂನೇ ಬದಲಾಯಿತು. ಆಕೆಯ ತಾಯಿ ಜೂಲಿ ಮುಂದೆ ಇಂಥ ಕುಟುಂಬಗಳ ಪರವಾಗಿ ದುಡಿದರು.

ಅದೇ 1982ರ ನವೆಂಬರಿನಲ್ಲಿ ಆಕ್ಸ್‌ಫರ್ಡಿನಲ್ಲಿ, ಗುಣವಾಗದ ಕಾಯಿಲೆಯ ಮಕ್ಕಳನ್ನು ನೋಡಿಕೊಳ್ಳುವ ಹೆಲೆನ್ ಹೌಸ್ ತೆರೆಯಿತು. ಇದರ ಹಿಂದೆ ಇದ್ದದ್ದು ಒಂದು ಸ್ನೇಹ. ಮೆದುಳಿನ ಗಡ್ಡೆಯ ಆಪರೇಷನ್ ಆದ ಮೇಲೆ ಹೆಲೆನ್ ಎಂಬ ಪುಟ್ಟ ಹುಡುಗಿ ಎಲ್ಲಕ್ಕೂ ಬೇರೆಯವರನ್ನೇ ನೆಚ್ಚಬೇಕಾಯಿತು. ಮನೆಯವರೇ ಅವಳನ್ನು ನೋಡಿಕೊಳ್ಳುತ್ತಿದ್ದರು. ಅವರ ಗೆಳತಿಯಾಗಿದ್ದ ಸಿಸ್ಟರ್ ಫ್ರಾನ್ಸಿಸ್ ಡೊಮಿನಿಕಾ ಎಂಬ ಸನ್ಯಾಸಿನಿ, ಆಗಾಗ ಅವಳನ್ನು ನನ್ನ ಬಳಿ ಬಿಡಿ, ನೀವು ಸ್ವಲ್ಪ ಸುಧಾರಿಸಿಕೊಳ್ಳಿ ಎಂದರು. ಆ ಸಹಾಯವೇ ಬೆಳೆದು ಮಕ್ಕಳಿಗೆಂದೇ ಒಂದು ಮನೆಯಾಯಿತು. ಸಾಯುವ ಮಕ್ಕಳನ್ನು ಬಿಡುವ ಜಾಗ ಎಂದು ಇಂಥವನ್ನು ಜನ ಹೆದರಿಕೆಯಿಂದ ನೋಡುತ್ತಾರೆ. ಆದರೆ ಅಲ್ಲಿಗೆ ಬರುವ ಎಷ್ಟೋ ಮಕ್ಕಳು ಕೆಲವು ದಿನ ಇದ್ದು ಮನೆಗೆ ಮರಳುತ್ತಾರೆ. ಅಷ್ಟು ದಿನ ಅಪ್ಪ ಅಮ್ಮನಿಗೆ ನಿದ್ದೆ. ಒಡಹುಟ್ಟಿದವರಿಗೆ, ಯಾರೂ ನಡುವೆ ಎದ್ದು ಓಡದ ಒಂದು ಇಡೀ ಸಂಜೆ.

ಇಲ್ಲಿಂದ ಮುಂದೆ ಮಾತಿನ ಧಾಟಿಯೇ ಬದಲಾಯಿತು. 1986ರ ಅಮೆರಿಕದ ಕಾನೂನು, ವೈಕಲ್ಯವಿರುವ ಮೂರು ವರ್ಷದೊಳಗಿನ ಮಕ್ಕಳ ನೆರವಿಗೆ ಇಡೀ ಕುಟುಂಬವನ್ನು ಗಮನಿಸಿ ಯೋಜನೆ ಮಾಡಬೇಕು ಎಂದಿತು. 2006ರ ವಿಶ್ವಸಂಸ್ಥೆಯ ಒಡಂಬಡಿಕೆ, ವೈಕಲ್ಯದ ಕಾರಣಕ್ಕೆ ಯಾವ ಮಗುವನ್ನೂ ಹೆತ್ತವರಿಂದ ಬೇರ್ಪಡಿಸಬಾರದು, ಕುಟುಂಬಕ್ಕೆ ಮೊದಲೇ ಮಾಹಿತಿ ಮತ್ತು ನೆರವು ಕೊಡಬೇಕು ಎಂದಿತು. ವಿಶ್ವ ಆರೋಗ್ಯ ಸಂಸ್ಥೆ ಇಂಥ ಮಕ್ಕಳ ಪೋಷಕರಿಗೆಂದೇ ತರಬೇತಿ ರೂಪಿಸಿದೆ: ಒಂಬತ್ತು ಗುಂಪು ಭೇಟಿ, ಮೂರು ಸಲ ಮನೆಗೇ ಬಂದು ಹೋಗುವುದು. ಮಗುವಿನ ಜೊತೆ ಆಡುವುದು ಹೇಗೆ ಎಂಬುದರ ಜೊತೆಗೆ, ನಿಮ್ಮನ್ನು ನೀವು ನೋಡಿಕೊಳ್ಳುವುದು ಹೇಗೆ ಎಂಬುದೂ ಅದರಲ್ಲಿದೆ.

ಇಷ್ಟೆಲ್ಲ ಆದಮೇಲೂ ಒಂದು ಹೊಸಿಲು ಉಳಿದಿದೆ. ಮಗುವಿಗೆ ಹದಿನೆಂಟಾಗುವ ಹೊತ್ತಿಗೆ, ಹಲವು ಕಡೆ, ಕಡತ ಮಕ್ಕಳ ವಿಭಾಗದಿಂದ ದೊಡ್ಡವರ ವಿಭಾಗಕ್ಕೆ ಹೋಗುತ್ತದೆ. ಮಾತು ಬಾರದ, ನೋವನ್ನು ಹುಬ್ಬು ಗಂಟಿಕ್ಕಿ ಮಾತ್ರ ತೋರಿಸುವ ಮಗ ಈಗ ದೊಡ್ಡವರ ವಾರ್ಡಿನಲ್ಲಿದ್ದಾನೆ. ಆ ಹುಬ್ಬಿನ ಅರ್ಥ ಗೊತ್ತಿರುವುದು ಒಬ್ಬಳಿಗೇ. ಎಷ್ಟೋ ಕಡೆ ಅವಳು, ಭೇಟಿಯ ಸಮಯ ಮುಗಿಯಿತು ಎಂದು ಹೇಳಿಸಿಕೊಂಡು, ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ.