ಮೌಸ್ ಬದಲಿಸಿದರೂ ಬಾಣ ಕಾಣದಿದ್ದುದೇಕೆ

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ, ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಒಂದೇ ಯಂತ್ರಕ್ಕೆ ಮೂರು ಮೌಸ್‌ಗಳನ್ನು ಬದಲಿಸಿ ನೋಡಿದ್ದರು. ಮೂರನೆಯದನ್ನು ಕಲಬುರಗಿಯ ಸೂಪರ್ ಮಾರ್ಕೆಟ್‌ನಿಂದ ಹೊಸದಾಗಿಯೇ ಕೊಂಡು ತರಲಾಗಿತ್ತು. ಆದರೂ ಪರದೆಯ ಮೇಲೆ ಬಾಣ ಕಾಣಿಸಲಿಲ್ಲ. ನಾನು ಹೋಗಿ ಕುಳಿತು ಮೌಸನ್ನು ಮೆಲ್ಲಗೆ ಎಳೆದಾಗ ಮೆನುವಿನ ಸಾಲುಗಳು ಒಂದಾದ ಮೇಲೊಂದು ಬಣ್ಣ ಬದಲಿಸುತ್ತಿದ್ದವು. ಅಂದಾಜಿನಲ್ಲಿ ಒತ್ತಿದರೆ ಕಡತವೂ ತೆರೆಯುತ್ತಿತ್ತು. ಮೌಸ್ ಹೇಳಿದ್ದೆಲ್ಲವೂ ಯಂತ್ರಕ್ಕೆ ತಲುಪುತ್ತಿತ್ತು, ಬಾಣವನ್ನು ಬಿಡಿಸಬೇಕಾದ ಭಾಗ ಮಾತ್ರ ತನ್ನ ಕೆಲಸ ಮಾಡುತ್ತಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ತೊಂದರೆ ಗ್ರಾಫಿಕ್ಸ್ ಡ್ರೈವರ್‌ನಲ್ಲಿ, ಅಂದರೆ ಪರದೆಯ ಚಿತ್ರ ಬಿಡಿಸುವ ಚಿಪ್ಪನ್ನು ನಡೆಸುವ ತಂತ್ರಾಂಶದಲ್ಲಿ, ಇದ್ದಾಗ ಶಾಲೆಯ ಹಣ ಮೌಸ್‌ಗಳಿಗೆ ಖರ್ಚಾಗಿತ್ತು.

ಇದರಲ್ಲಿ ಶಿಕ್ಷಕರ ತಪ್ಪಿಲ್ಲ. ಮೇಜಿನ ಮೇಲಿನ ಮೌಸ್ ಮತ್ತು ಪರದೆಯ ಮೇಲಿನ ಬಾಣ ಒಂದೇ ವಸ್ತುವಿನ ಎರಡು ತುದಿಗಳಂತೆ ಕಂಡರೂ, ಅವುಗಳ ನಡುವೆ ಯಂತ್ರದ ಸಾಧನಗಳನ್ನು ಆಳುವ ಕರ್ನೆಲ್, ಪರದೆಯ ಕಿಟಕಿಗಳನ್ನು ನೋಡಿಕೊಳ್ಳುವ ಡಿಸ್‌ಪ್ಲೇ ಸರ್ವರ್, ಗ್ರಾಫಿಕ್ಸ್ ಡ್ರೈವರ್ ಎಂಬ ಬೇರೆ ಬೇರೆ ಪದರಗಳಿವೆ. ಇವನ್ನು ಬರೆದವರೂ ಬೇರೆ, ಬರೆದ ಕಾಲವೂ ಬೇರೆ. ಬಾಣವಂತೂ ಸಾಮಾನ್ಯವಾಗಿ ಪರದೆಯ ಚಿತ್ರದ ಭಾಗವೇ ಅಲ್ಲ. ಗ್ರಾಫಿಕ್ಸ್ ಚಿಪ್ ಅದನ್ನು, ಹೆಚ್ಚಾಗಿ 64 ಗುಣಿಲೆ 64 ಚುಕ್ಕಿಗಳ ಒಂದು ಪ್ರತ್ಯೇಕ ಚಿತ್ರವಾಗಿ ಇಟ್ಟುಕೊಂಡು, ಮಾನಿಟರ್‌ಗೆ ದೃಶ್ಯ ಹೋಗುವ ಕೊನೆಯ ಗಳಿಗೆಯಲ್ಲಿ ಮೇಲಿಂದ ಹೊದಿಸುತ್ತದೆ. ಇದಕ್ಕೆ ಹಾರ್ಡ್‌ವೇರ್ ಕರ್ಸರ್ ಎನ್ನುತ್ತಾರೆ. ಆ ಹೊದಿಕೆಯಲ್ಲಿ ದೋಷವಾದರೆ ಉಳಿದೆಲ್ಲ ಸರಿಯಿದ್ದು ಬಾಣವೊಂದೇ ಮಾಯವಾಗುತ್ತದೆ.

ಇಂತಹ ಸಂದರ್ಭದಲ್ಲಿ ಜನರ ಬಾಯಲ್ಲಿ ಓಡಾಡುವ ಪರಿಹಾರಗಳು ಹಲವು. ಅವುಗಳಲ್ಲಿ ಸುಳ್ಳು ಕಡಿಮೆ, ಹಳತು ಹೆಚ್ಚು. 2005ರಲ್ಲಿ ಸರಿಯಾಗಿದ್ದ ಮದ್ದು 2009ರಲ್ಲಿ ನಿಷ್ಪ್ರಯೋಜಕವಾಯಿತು, ಇಂದು ಅದೇ ರೋಗವನ್ನು ತರುತ್ತದೆ. ಆದ್ದರಿಂದ ಯಾವ ಪರಿಹಾರ ಯಾವ ಕಾಲದ್ದೆಂಬುದನ್ನು ತಿಳಿಯಲು ಈ ಪದರಗಳ ಇತಿಹಾಸವನ್ನೇ ನೋಡಬೇಕಾಗುತ್ತದೆ.

ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಆರಂಭವಾದ ಎಕ್ಸ್ ವಿಂಡೋ ಎಂಬ ಡಿಸ್‌ಪ್ಲೇ ವ್ಯವಸ್ಥೆಯ ಹನ್ನೊಂದನೆಯ ರೂಪ 1987ರಲ್ಲಿ ಹೊರಬಂದಿತು. ಇಂದಿಗೂ ಅನೇಕ ಲಿನಕ್ಸ್ ಯಂತ್ರಗಳಲ್ಲಿ ನಡೆಯುತ್ತಿರುವುದು ಅದೇ. ಸಾಮಾನ್ಯ ಪಿಸಿಗಳಿಗೆ ಅದನ್ನು ತಂದದ್ದು 1990ರ ದಶಕದ ಆರಂಭದ ಎಕ್ಸ್‌ಫ್ರೀ86 ಯೋಜನೆ. ಆಗ ಕರ್ನೆಲ್‌ಗೆ ಗ್ರಾಫಿಕ್ಸ್ ಕಾರ್ಡಿನ ಬಗ್ಗೆ ತಿಳಿದಿದ್ದುದು ಬಹಳ ಕಡಿಮೆ. ಎಕ್ಸ್ ಸರ್ವರ್ ತಾನೇ ರೂಟ್ ಎಂಬ ಪೂರ್ಣ ಅಧಿಕಾರದಲ್ಲಿ ಓಡಿ, ಕಾರ್ಡಿನ ರಿಜಿಸ್ಟರ್‌ಗಳನ್ನು ನೇರವಾಗಿ ಮುಟ್ಟುತ್ತಿತ್ತು. ಯಂತ್ರದಲ್ಲಿ ಏನಿದೆ ಎಂಬುದನ್ನು ಬಳಕೆದಾರರೇ ಒಂದು ಸಂರಚನಾ ಕಡತದಲ್ಲಿ ಬರೆದು ಹೇಳಬೇಕಿತ್ತು: ಮಾನಿಟರ್ ತಾಳಬಲ್ಲ ಆವರ್ತನಗಳು ಯಾವುವು, ಕಾರ್ಡಿಗೆ ಯಾವ ಡ್ರೈವರ್, ಮೌಸ್ ಯಾವ ಪೋರ್ಟಿನಲ್ಲಿದೆ, ಅದು ಯಾವ ಪ್ರೋಟೋಕಾಲಿನಲ್ಲಿ ಮಾತನಾಡುತ್ತದೆ. ಮುಂದೆ ಎಕ್ಸ್‌ಆರ್ಗ್ ಕಾನ್ಫ್ ಎಂಬ ಹೆಸರು ಪಡೆದ ಈ ಕಡತದ ಕಥೆಯನ್ನು ಬಲ್ಲವರಿಗೆ ಅರ್ಧ ತೊಂದರೆಗಳು ತಾವಾಗಿಯೇ ಅರ್ಥವಾಗುತ್ತವೆ.

ಪ್ರೋಟೋಕಾಲ್ ಎಂಬ ಆ ಒಂದು ಸಾಲು ಎಷ್ಟು ಜನರನ್ನು ಕಾಡಿತೆಂಬುದಕ್ಕೆ ಪಿಎಸ್/2 ಮೌಸ್ ಸಾಕ್ಷಿ. ಐಬಿಎಂ 1987ರಲ್ಲಿ ತಂದ ಆ ದುಂಡನೆಯ ಪೋರ್ಟಿಗೆ ಸಿಕ್ಕಿಸಿದ ಮೌಸ್, ಪ್ರತಿ ಚಲನೆಗೆ ಮೂರು ಬೈಟ್‌ಗಳನ್ನು ಕಳುಹಿಸುತ್ತಿತ್ತು: ಮೊದಲನೆಯದರಲ್ಲಿ ಗುಂಡಿಗಳ ಸ್ಥಿತಿ, ಎರಡನೆಯದರಲ್ಲಿ ಅಡ್ಡ ಚಲನೆ, ಮೂರನೆಯದರಲ್ಲಿ ಉದ್ದ ಚಲನೆ. 1996ರಲ್ಲಿ ಮೈಕ್ರೋಸಾಫ್ಟ್ ಇಂಟೆಲಿಮೌಸ್ ಬಂದು ನಡುವೆ ಚಕ್ರ ಸೇರಿದಾಗ ನಾಲ್ಕನೆಯ ಬೈಟ್ ಬೇಕಾಯಿತು. ಹಳೆಯ ಯಂತ್ರಗಳು ಗೊಂದಲಕ್ಕೀಡಾಗದಿರಲೆಂದು, ಮೌಸ್ ಮೊದಲು ಮೂರೇ ಬೈಟ್ ಕಳುಹಿಸುತ್ತದೆ; ಡ್ರೈವರ್ ಅದು ಸುದ್ದಿ ಕಳುಹಿಸುವ ವೇಗವನ್ನು 200, 100, 80 ಎಂದು ಇದೇ ಕ್ರಮದಲ್ಲಿ ಬದಲಿಸಿ ಸಂಜ್ಞೆ ಮಾಡಿದ ಮೇಲೆಯೇ ನಾಲ್ಕಕ್ಕೆ ತಿರುಗುತ್ತದೆ. ಮೌಸ್ ನಾಲ್ಕು ಕಳುಹಿಸುತ್ತಿರುವಾಗ ಓದುವವರು ಮೂರೆಂದು ಭಾವಿಸಿದರೆ ಎಣಿಕೆ ಒಂದೊಂದೇ ಹೆಜ್ಜೆ ಜಾರುತ್ತ ಹೋಗುತ್ತದೆ. ಚಕ್ರದ ಬೈಟು ಗುಂಡಿಯಾಗಿ, ಗುಂಡಿಯ ಬೈಟು ಚಲನೆಯಾಗಿ ಓದಿಸಿಕೊಳ್ಳುತ್ತದೆ. ಬಾಣ ಪರದೆಯ ಮೂಲೆಗೆ ಹಾರಿ, ಯಾರೂ ಮುಟ್ಟದೆಯೇ ಕ್ಲಿಕ್‌ಗಳು ಬೀಳತೊಡಗುತ್ತವೆ. ಯಂತ್ರಕ್ಕೆ ವೈರಸ್ ಬಂದಿದೆಯೆಂದು ಇದನ್ನು ಕಂಡವರು ಅಂಜಿದ್ದರೆ ಆಶ್ಚರ್ಯವಿಲ್ಲ.

ಬೀದರ್‌ನ ಒಂದು ಕಚೇರಿಯಲ್ಲಿ ನಾನು ಈ ತೊಂದರೆಯನ್ನು ಇನ್ನೊಂದು ರೂಪದಲ್ಲಿ ಕಂಡೆ. ಒಂದೇ ಮೌಸ್ ಮತ್ತು ಕೀಬೋರ್ಡನ್ನು ಎರಡು ಯಂತ್ರಗಳಿಗೆ ಹಂಚುವ ಸ್ವಿಚ್ ಒಂದನ್ನು ಅಲ್ಲಿ ಹಾಕಿದ್ದರು. ಸ್ವಿಚ್ ಅತ್ತಿತ್ತ ತಿರುಗಿದಾಗ ಮೌಸ್ ಮರುಹೊಂದಿಕೆಯಾಗಿ ಮೂರು ಬೈಟಿಗೆ ಮರಳುತ್ತಿತ್ತು, ಡ್ರೈವರ್ ಮಾತ್ರ ನಾಲ್ಕನ್ನೇ ನಿರೀಕ್ಷಿಸುತ್ತಿತ್ತು. ಕರ್ನೆಲ್ ದಾಖಲೆಯಲ್ಲಿ ಪಿಎಸ್‌ಮೌಸ್ ತಾಳ ತಪ್ಪಿದೆ, ಇಷ್ಟು ಬೈಟ್‌ಗಳನ್ನು ಎಸೆಯಲಾಗುತ್ತಿದೆ ಎಂಬರ್ಥದ ಸಾಲುಗಳು ತುಂಬಿದ್ದವು. ಪಿಎಸ್‌ಮೌಸ್ ಮಾಡ್ಯೂಲನ್ನು, ಅಂದರೆ ಕರ್ನೆಲ್‌ಗೆ ಬೇಕೆಂದಾಗ ಜೋಡಿಸುವ ಆ ಮೌಸ್ ಡ್ರೈವರನ್ನು, ತೆಗೆದು ಮತ್ತೆ ಸೇರಿಸಿದರೆ ಸರಿಹೋಗುತ್ತಿತ್ತು, ಸ್ವಿಚ್ ತಿರುಗಿಸಿದರೆ ಮತ್ತೆ ಕೆಡುತ್ತಿತ್ತು. ಆ ಮಾಡ್ಯೂಲಿಗೆ ಮೂರು ಬೈಟಿನ ಸರಳ ಕ್ರಮವನ್ನೇ ಕಡ್ಡಾಯಗೊಳಿಸಿದ ಮೇಲೆ ಚಕ್ರ ಹೋಯಿತು, ಆದರೆ ಬಾಣದ ಹಾರಾಟ ನಿಂತಿತು. ಅಲ್ಲಿನವರು ಅಷ್ಟಕ್ಕೇ ಸಂತೋಷಪಟ್ಟರು.

2003ರ ಡಿಸೆಂಬರ್‌ನಲ್ಲಿ ಬಂದ 2.6 ಕರ್ನೆಲ್ ಈ ಹೊರೆಯನ್ನು ಬಳಕೆದಾರರ ಹೆಗಲಿನಿಂದ ಇಳಿಸಿತು. ಸೀರಿಯಲ್, ಪಿಎಸ್/2, ಯುಎಸ್‌ಬಿ ಯಾವುದೇ ಇರಲಿ, ಮೌಸ್‌ನ ಭಾಷೆಯನ್ನು ಕರ್ನೆಲ್ಲೇ ಅರಿತು, ಇವೆಂಟ್‌ಗಳೆಂಬ ಒಂದೇ ಮಾದರಿಯಲ್ಲಿ ಮೇಲಕ್ಕೆ ಕೊಡತೊಡಗಿತು. ಮರುವರ್ಷ, ಪರವಾನಗಿಯ ಬದಲಾವಣೆಯಿಂದ ಎದ್ದ ಭಿನ್ನಾಭಿಪ್ರಾಯದಲ್ಲಿ ಬಹುತೇಕ ಲಿನಕ್ಸ್ ವಿತರಣೆಗಳು ಎಕ್ಸ್‌ಫ್ರೀ86 ಅನ್ನು ಬಿಟ್ಟು ಅದರಿಂದ ಕವಲೊಡೆದ ಎಕ್ಸ್‌ಆರ್ಗ್ ಕಡೆಗೆ ಹೋದವು.

2007ರ ಎಕ್ಸ್ ಸರ್ವರ್ 1.4ರೊಂದಿಗೆ ಸಾಧನಗಳನ್ನು ತಾನಾಗಿಯೇ ಗುರುತಿಸುವ ಕ್ರಮ ಬಂದಿತು. ಅದು ಹಾಲ್ ಎಂಬ ಹಿನ್ನೆಲೆ ಸೇವೆಯನ್ನು ಕೇಳಿ ಮೌಸ್, ಕೀಬೋರ್ಡ್‌ಗಳನ್ನು ಹುಡುಕುತ್ತಿತ್ತು. ಹಾಲ್ ಓಡದಿದ್ದರೆ ಎರಡೂ ಸಿಗುತ್ತಿರಲಿಲ್ಲ. ಅಪ್‌ಡೇಟ್ ಮುಗಿಸಿ ಯಂತ್ರ ತೆರೆದವರ ಮುಂದೆ ಲಾಗಿನ್ ಪರದೆ ಚೆಂದವಾಗಿಯೇ ಬಂದು, ಹೆಸರು ಬರೆಯಲು ಕೀಬೋರ್ಡೂ ಇಲ್ಲ, ಒತ್ತಲು ಮೌಸೂ ಇಲ್ಲ ಎಂಬ ಸ್ಥಿತಿ ಆ ವರ್ಷಗಳದ್ದು. ಹಳೆಯ ಕಡತದಲ್ಲಿ ಮೌಸ್‌ನ ವಿವರವನ್ನು ಜೋಪಾನವಾಗಿ ಬರೆದಿಟ್ಟವರಿಗೂ ಉಪಯೋಗವಾಗಲಿಲ್ಲ. ಸ್ವಯಂಗುರುತು ಚಾಲ್ತಿಯಲ್ಲಿರುವುದರಿಂದ ಹಳೆಯ ಮೌಸ್ ಡ್ರೈವರ್ ಬಳಸುವ ಸಾಧನಗಳನ್ನು ಕೈಬಿಡಲಾಗಿದೆ ಎಂದು ಸರ್ವರ್ ತನ್ನ ದಾಖಲೆಯಲ್ಲಿ ಬರೆದು ಮುಂದೆ ಹೋಗುತ್ತಿತ್ತು. 2010ರ 1.8ನೆಯ ಆವೃತ್ತಿಯಲ್ಲಿ ಹಾಲ್ ಜಾಗಕ್ಕೆ ಯುಡೆವ್ ಎಂಬ ಇನ್ನೊಂದು ಸೇವೆ ಬಂದ ಮೇಲೆ ಈ ಗೊಂದಲ ತಣ್ಣಗಾಯಿತು. ಅಂದಿನಿಂದ ಆ ದೊಡ್ಡ ಸಂರಚನಾ ಕಡತ ಇಲ್ಲದಿರುವುದೇ ಆರೋಗ್ಯದ ಲಕ್ಷಣ. ಯಾರೋ ಕೊಟ್ಟರೆಂದು 2006ರ ಕಡತವನ್ನು ತಂದಿಡುವುದರಷ್ಟು ಹಾನಿಕರವಾದದ್ದು ಈ ವಿಷಯದಲ್ಲಿ ಬೇರೊಂದಿಲ್ಲವೆಂದೇ ನಾನು ತಿಳಿದಿದ್ದೇನೆ.

ಗ್ರಾಫಿಕ್ಸ್‌ನ ಕಥೆ ಇಷ್ಟು ಸುಖವಾಗಿ ಮುಗಿಯಲಿಲ್ಲ. 2009ರ 2.6.29 ಕರ್ನೆಲ್‌ನಲ್ಲಿ, ಮೊದಲು ಇಂಟೆಲ್ ಚಿಪ್‌ಗಳಿಗೆ, ಪರದೆಯ ಅಳತೆಯನ್ನು ಕರ್ನೆಲ್ಲೇ ನಿಗದಿಪಡಿಸುವ ಮೋಡ್‌ಸೆಟ್ಟಿಂಗ್ ಸೇರಿತು. ಎಎಂಡಿ 2007ರಲ್ಲಿ ತನ್ನ ಚಿಪ್‌ಗಳ ವಿವರಗಳನ್ನು ಬಿಡುಗಡೆ ಮಾಡಲು ಒಪ್ಪಿತು, 2015ರ 4.2 ಕರ್ನೆಲ್‌ನಲ್ಲಿ ಅದರ ಹೊಸ ಎಎಂಡಿಜಿಪಿಯು ಡ್ರೈವರ್ ಬಂದಿತು. ಹೀಗಾಗಿ ಇಂಟೆಲ್ ಮತ್ತು ಎಎಂಡಿ ಚಿಪ್‌ಗಳ ಡ್ರೈವರ್ ಕರ್ನೆಲ್ ಜೊತೆಯಲ್ಲಿಯೇ ಬೆಳೆಯುತ್ತದೆ. ಎನ್‌ವಿಡಿಯಾ ಬಹುಕಾಲ ತನ್ನ ಡ್ರೈವರ್‌ನ ಮೂಲವನ್ನು ಮುಚ್ಚಿಟ್ಟಿತು. ಮುಕ್ತ ಪರ್ಯಾಯವಾದ ನೂವೋವನ್ನು ಚಿಪ್‌ನ ನಡವಳಿಕೆಯನ್ನು ಹೊರಗಿನಿಂದ ಅಭ್ಯಸಿಸಿಯೇ ಕಟ್ಟಬೇಕಾಯಿತು. ಅದು 2010ರ 2.6.33ರಲ್ಲಿ ಕರ್ನೆಲ್ ಸೇರಿತು. 2022ರ ಮೇ ತಿಂಗಳಲ್ಲಿ ಎನ್‌ವಿಡಿಯಾ ತನ್ನ ಕರ್ನೆಲ್ ಮಾಡ್ಯೂಲ್‌ಗಳ ಮೂಲವನ್ನು ತೆರೆದಿಟ್ಟರೂ, ಅದು ಟ್ಯೂರಿಂಗ್ ಪೀಳಿಗೆ ಮತ್ತು ಅನಂತರದ ಚಿಪ್‌ಗಳಿಗೆ ಮಾತ್ರ. ನಮ್ಮ ಭಾಗದ ಶಾಲೆ ಕಾಲೇಜುಗಳಿಗೆ ದಾನವಾಗಿ ಬರುವ ಹಳೆಯ ಯಂತ್ರಗಳಿಗೆ ಅದರಿಂದ ಏನೂ ದಕ್ಕಲಿಲ್ಲ.

ಅಂಥ ಹಳೆಯ ಕಾರ್ಡುಗಳಲ್ಲಿ ಜಿಫೋರ್ಸ್ 210 ಒಂದು. ಅದಕ್ಕೆ ಎನ್‌ವಿಡಿಯಾ ಕೊಟ್ಟ ಡ್ರೈವರ್ 340 ಸರಣಿಯದು. ಅದರ ಕೊನೆಯ ಆವೃತ್ತಿ ಹೊರಬಂದದ್ದು 2019ರ ಡಿಸೆಂಬರ್‌ನಲ್ಲಿ. ಕರ್ನೆಲ್‌ನ ಒಳಗಿನ ರಚನೆ ಪ್ರತಿ ಕೆಲವು ತಿಂಗಳಿಗೊಮ್ಮೆ ಬದಲಾಗುತ್ತದೆ. ಹೊರಗಿನ ಮಾಡ್ಯೂಲನ್ನು ಪ್ರತಿ ಹೊಸ ಕರ್ನೆಲ್‌ಗೆ ಮತ್ತೆ ಕಟ್ಟುವ ಡಿಕೆಎಂಎಸ್ ಎಂಬ ಏರ್ಪಾಡು ಇದ್ದರೂ, ಹಳೆಯ ಮೂಲವು ಹೊಸ ರಚನೆಗೆ ಹೊಂದದಿದ್ದಾಗ ಅದೂ ಕೈಚೆಲ್ಲುತ್ತದೆ. ಸಹಿಯಿರುವ ತಂತ್ರಾಂಶವನ್ನಷ್ಟೇ ಒಳಬಿಡುವ ಸೆಕ್ಯೂರ್ ಬೂಟ್ ಇರುವ ಯಂತ್ರದಲ್ಲಿ, ಸರಿಯಾಗಿ ಕಟ್ಟಲಾದ ಮಾಡ್ಯೂಲ್ ಕೂಡ ಸಹಿಯಿಲ್ಲವೆಂಬ ಕಾರಣಕ್ಕೆ ಹೊರಗುಳಿಯುತ್ತದೆ. ನಮ್ಮಲ್ಲಿ ಇದರ ಜೊತೆಗೆ ವಿದ್ಯುತ್ ಕೈಕೊಡುವ ಪ್ರಸಂಗವೂ ಸೇರುತ್ತದೆ: ಅಪ್‌ಡೇಟ್ ಅರ್ಧದಲ್ಲಿರುವಾಗ ಕರೆಂಟ್ ಹೋದರೆ ಕರ್ನೆಲ್ ಬಂದು ಮಾಡ್ಯೂಲ್ ಬರದೆ ಉಳಿಯುವುದುಂಟು. ಯುಪಿಎಸ್ ಇಲ್ಲದ ಯಂತ್ರವನ್ನು ಅಪ್‌ಡೇಟ್‌ಗೆ ಹಚ್ಚಬಾರದೆಂದು ನಾನು ಎಲ್ಲರಿಗೂ ಹೇಳುತ್ತೇನೆ.

ಅದೇ ಶಹಾಪುರ ತಾಲ್ಲೂಕಿನ ಶಾಲೆಯ ಎರಡನೆಯ ಯಂತ್ರದಲ್ಲಿ ಈ ಕಾರ್ಡೇ ಇತ್ತು. ಅದರ ಮೇಲಿನ ದೂರು, ಮೌಸ್ ಎಳೆದರೆ ಬಾಣ ತಡವಾಗಿ ಬರುತ್ತದೆ ಎಂಬುದು. ಎನ್‌ವಿಡಿಯಾ ಡ್ರೈವರ್ ಹೊಸ ಕರ್ನೆಲ್‌ಗೆ ಹೊಂದದೆ ಬಿದ್ದುಹೋಗಿತ್ತು, ಅದನ್ನು ಹಾಕುವಾಗ ನೂವೋವನ್ನು ತಡೆಯಲು ಬರೆದಿದ್ದ ನಿಷೇಧದ ಕಡತ ಮಾತ್ರ ಉಳಿದಿತ್ತು. ಎರಡೂ ಡ್ರೈವರ್ ಇಲ್ಲದ ಕಾರಣ ಪರದೆಯ ಪ್ರತಿ ಚುಕ್ಕಿಯನ್ನೂ ಪ್ರೊಸೆಸರೇ ಬಿಡಿಸುತ್ತಿತ್ತು, ಪರದೆಯ ಅಳತೆ 1024 ಗುಣಿಲೆ 768ಕ್ಕೆ ಇಳಿದಿತ್ತು. ಇಲ್ಲಿಯೂ ಎಲ್ಲರ ಕಣ್ಣು ಬಿದ್ದದ್ದು ಮೌಸಿನ ಮೇಲೆಯೇ.

ಇತ್ತೀಚಿನ ಅಧ್ಯಾಯ ಎಕ್ಸ್‌ನ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್‌ದು. ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ 2008ರಲ್ಲಿ ಆರಂಭಿಸಿದ ಇದು 2016ರ ನವೆಂಬರ್‌ನ ಫೆಡೋರಾ 25 ಎಂಬ ಲಿನಕ್ಸ್ ವಿತರಣೆಯಲ್ಲಿ ಮೊದಲ ಆಯ್ಕೆಯಾಯಿತು. ಇನ್ನೊಂದು ವಿತರಣೆಯಾದ ಉಬುಂಟು 17.10ರಲ್ಲಿ ಅದನ್ನು ಒಪ್ಪಿ, 18.04ರಲ್ಲಿ ಹಿಂದೆ ಸರಿದು, 21.04ರಲ್ಲಿ ಮತ್ತೆ ಮರಳಿತು. ಮೌಸ್, ಟಚ್‌ಪ್ಯಾಡ್‌ಗಳ ಇವೆಂಟ್‌ಗಳನ್ನು ಅರ್ಥೈಸುವ ಕೆಲಸ ಲಿಬ್‌ಇನ್‌ಪುಟ್ ಎಂಬ ಒಂದೇ ತಂತ್ರಾಂಶ ಭಂಡಾರದ ಪಾಲಿಗೆ ಬಂದಿತು. ವೇಲ್ಯಾಂಡ್‌ನಲ್ಲಿ ಮೌಸ್‌ನ ಮಾತು ಕೇಳುವುದೂ ಪರದೆಯನ್ನು ಜೋಡಿಸುವುದೂ ಕಂಪೋಸಿಟರ್ ಎಂಬ ಒಂದೇ ಕಾರ್ಯಕ್ರಮ. ಅದು ಗ್ರಾಫಿಕ್ಸ್ ಡ್ರೈವರ್‌ಗಾಗಿ ಕಾಯುತ್ತ ನಿಂತರೆ ಬಾಣವೂ ನಿಲ್ಲಬಹುದು. ಎಕ್ಸ್‌ನ ಕಾಲದಲ್ಲಿ ಬೇರೆ ಬೇರೆಯಾಗಿ ಕಾಣಬಹುದಾಗಿದ್ದ ಎರಡು ದೋಷಗಳು ಇಲ್ಲಿ ಒಂದೇ ಮುಖ ತೊಟ್ಟು ಬರುತ್ತವೆ.

ಆದ್ದರಿಂದ ಮೊದಲು ಪದರವನ್ನು ಗುರುತಿಸಬೇಕು. ಲಿಬ್‌ಇನ್‌ಪುಟ್ ಜೊತೆಗಿರುವ ಇವೆಂಟ್ ನೋಡುವ ಆದೇಶವನ್ನು ಟರ್ಮಿನಲ್‌ನಲ್ಲಿ ಓಡಿಸಿ ಮೌಸ್ ಅಲುಗಿಸಿದರೆ, ಸಾಲುಗಳು ಬಂದಲ್ಲಿ ಮೌಸ್, ತಂತಿ, ಕರ್ನೆಲ್‌ನ ಮೌಸ್ ಭಾಗ ಮೂರೂ ನಿರ್ದೋಷಿಗಳು. ಮುಂದಿನ ಹುಡುಕಾಟ ಗ್ರಾಫಿಕ್ಸ್ ಕಡೆಗೆ. ಸಾಲುಗಳು ಬಾರದಿದ್ದರೆ ಯುಎಸ್‌ಬಿ ಪಟ್ಟಿಯಲ್ಲಿ ಮೌಸ್ ಇದೆಯೇ, ವಿದ್ಯುತ್ ಉಳಿತಾಯಕ್ಕಾಗಿ ಪೋರ್ಟನ್ನು ಮಲಗಿಸಲಾಗಿದೆಯೇ ನೋಡಬೇಕು. ನಿಸ್ತಂತು ಮೌಸ್ ಆಗಿದ್ದರೆ ಅದರ ರಿಸೀವರ್ ಯುಎಸ್‌ಬಿ 3ರ ಪೋರ್ಟಿನ ಪಕ್ಕದಲ್ಲಿದೆಯೇ ಎಂಬುದನ್ನೂ ಗಮನಿಸಬೇಕು, ಏಕೆಂದರೆ ಆ ಪೋರ್ಟಿನ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಅಲೆಗಳನ್ನು ಕೆಡಿಸುತ್ತದೆಂದು 2012ರಲ್ಲಿ ಇಂಟೆಲ್ ತಾನೇ ತೋರಿಸಿತ್ತು. ಗ್ರಾಫಿಕ್ಸ್ ಕಡೆಗೆ ಹೋದರೆ, ಪಿಸಿಐ ಸಾಧನಗಳ ಪಟ್ಟಿಯಲ್ಲಿ ಕಾರ್ಡಿನ ಕೆಳಗೆ ಬಳಕೆಯಲ್ಲಿರುವ ಡ್ರೈವರ್‌ನ ಹೆಸರು ಇದೆಯೋ ಇಲ್ಲವೋ ಎಂಬ ಒಂದೇ ಸಂಗತಿ ಬಹಳಷ್ಟನ್ನು ಹೇಳುತ್ತದೆ. ಪರದೆ ಪೂರ್ತಿ ಕಪ್ಪಾದಾಗ ಯಂತ್ರ ಏಳುವಾಗ ಕರ್ನೆಲ್ ಆರಿಸಲು ಬರುವ ಗ್ರಬ್ ಮೆನುವಿನಲ್ಲಿ, ಕರ್ನೆಲ್‌ನ ಮೋಡ್‌ಸೆಟ್ಟಿಂಗನ್ನು ತಡೆಯುವ ನೋಮೋಡ್‌ಸೆಟ್ ಎಂಬ ಪದ ಸೇರಿಸಿ ಒಳಹೋಗುವುದು ಉಪಯುಕ್ತ, ಆದರೆ ಅದು ದುರಸ್ತಿಗಾಗಿ ತೆರೆಯುವ ಹಿಂಬಾಗಿಲು ಮಾತ್ರ. ಅದನ್ನೇ ಕಾಯಂ ಮಾಡಿ ಯಂತ್ರವನ್ನು ವರ್ಷಗಟ್ಟಲೆ ನಿಧಾನಗೊಳಿಸಿದವರನ್ನು ನಾನು ಕಂಡಿದ್ದೇನೆ. ಇನ್ನು, 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಮಾತ್ರ ಪರದೆ ಹೆಪ್ಪುಗಟ್ಟುತ್ತಿದ್ದರೆ ಡ್ರೈವರ್ ಮುಟ್ಟುವ ಮೊದಲು ಕಾರ್ಡಿನ ಫ್ಯಾನಿನಿಂದ ಎರೆಮಣ್ಣಿನ ಧೂಳನ್ನು ತೆಗೆಯಬೇಕು.

ಶಾಲೆಯ ಮೊದಲ ಯಂತ್ರವನ್ನು ಗ್ರಬ್‌ನಿಂದ ಹಿಂದಿನ ಕರ್ನೆಲ್‌ಗೆ ಕೊಂಡೊಯ್ದ ಕೂಡಲೇ ಬಾಣ ಕಾಣಿಸಿಕೊಂಡಿತು. ಹೊಸ ಕರ್ನೆಲ್‌ನಲ್ಲಿ ಮತ್ತೆ ಮಾಯವಾಯಿತು. ಮುಂದಿನ ಅಪ್‌ಡೇಟ್ ಬರುವವರೆಗೆ ಅದಕ್ಕೆ ಹಾರ್ಡ್‌ವೇರ್ ಕರ್ಸರ್ ಬೇಡವೆಂಬ ಒಂದೇ ಸಾಲಿನ ಪುಟ್ಟ ಕಡತವನ್ನು ಬರೆದು, ಬಾಣವನ್ನು ತಂತ್ರಾಂಶವೇ ಬಿಡಿಸುವಂತೆ ಮಾಡಿದೆವು. ಎರಡನೆಯದರಲ್ಲಿ ಹಳೆಯ ಎನ್‌ವಿಡಿಯಾ ಪ್ಯಾಕೇಜನ್ನೂ ನೂವೋ ನಿಷೇಧದ ಕಡತವನ್ನೂ ಅಳಿಸಿ, ಯಂತ್ರ ಏಳುವಾಗ ಕರ್ನೆಲ್ ಮೊದಲು ಬಳಸುವ ಆರಂಭಿಕ ರಾಮ್‌ಡಿಸ್ಕನ್ನು ಮತ್ತೆ ಕಟ್ಟಿದೆವು. ನೂವೋ ಬಂದು ಕುಳಿತಿತು, ಪರದೆ ತನ್ನ ಪೂರ್ಣ ಅಳತೆಗೆ ಮರಳಿತು. ಗಣಿತದ ಶಿಕ್ಷಕರು ಪ್ರತಿ ಯಂತ್ರದ ಕರ್ನೆಲ್ ಆವೃತ್ತಿ, ಡ್ರೈವರ್, ನಾವು ಬದಲಿಸಿದ ಕಡತದ ಹೆಸರು ಮತ್ತು ದಿನಾಂಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಮೂರು ಮೌಸ್‌ಗಳ ಜೊತೆಗೆ ಅದನ್ನೂ ಕಪಾಟಿನಲ್ಲಿಟ್ಟರು.